ಶರುಹೇನ್ ಹುಡುಗಿಯ ಎರಡು ಮಾತು

ರಾಜ್ಯೋತ್ಸವದ ದಿನ ಮಕ್ಕಳಿಂದ ಈಜಿಪ್ಟಿನ ನಾಟಕ ಯಾಕೆ ಆಡಿಸುತ್ತೀರಿ ಎಂದು ಯಾರಾದರೂ ಕೇಳಿದರೆ ಇಂಗ್ಲೆಂಡಿನ ಆ ಕನ್ನಡ ಸಂಘದವರ ಹತ್ತಿರ ಉತ್ತರ ಸಿದ್ಧವಿತ್ತು. "ಮಕ್ಕಳಿಗೆ ಸ್ಕೂಲಲ್ಲಿ ಅದೇ ಪಾಠ ನಡೀತಿದೆ." ಅದು ಸುಳ್ಳೇನಲ್ಲ. ಆದರೆ ನಡೆದದ್ದು ಬೇರೆ. ಕಮಿಟಿಯವರು ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಕೂತು, ಕರ್ನಾಟಕದ ಯಾವ ಸಾಮ್ರಾಜ್ಯವನ್ನು ರಂಗಕ್ಕೆ ತರಬೇಕೆಂದು ಚರ್ಚಿಸಿದ್ದರು. ಆಸ್ಪತ್ರೆಯ ಡಾಕ್ಟರುಗಳೆಲ್ಲ ಬಾದಾಮಿ ಆಗಬೇಕೆಂದರು. ಸಾಫ್ಟ್‌ವೇರಿನವರೆಲ್ಲ ಹಳೇಬೀಡು ಆಗಬೇಕೆಂದರು. ಮಂಗಳೂರಿನವರೊಬ್ಬರು ಉಳ್ಳಾಲ ಎಂದು ಬಾಯಿ ತೆರೆದರು; ಅವರ ಕೈಗೆ ಬೇಗನೆ ಚಹಾ ಕೊಡಲಾಯಿತು. ಕೊನೆಗೆ, ಸಂಘದಲ್ಲಿ ಈಜಿಪ್ಟಿನವರು ಒಬ್ಬರೂ ಇಲ್ಲ, ಆದ್ದರಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈಜಿಪ್ಟು ಸರ್ವಾನುಮತದಿಂದ ಗೆದ್ದಿತು.

ಬರೆಯುವುದಕ್ಕೆ ಕಾಶೀಬಾಯಿ ಸಿಕ್ಕರು. ವಿಜಯಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಹೇಳಿದವರು. ಮಗಳು ಸೌಮ್ಯಾ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಮನೆಗೆ ಬಂದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಸಂಘದ ಹೆಂಗಸರು, ಗಂಡಸರು ಅವರನ್ನು ಬಹಳ ಗೌರವದಿಂದ ಕಂಡು ಶೇಂಗಾ ಚಟ್ನಿ ಮಾಡುವ ವಿಧಾನ ಕೇಳಿದ್ದರು, ಗುರೆಳ್ಳು ಎಲ್ಲಿ ಸಿಗುತ್ತದೆಂದು ಕೇಳಿದ್ದರು. ಇತಿಹಾಸ ಕೇಳಿದವರು ಇದೇ ಮೊದಲು. ಆ ದಿನ ಬಸ್ಸಿನಲ್ಲಿ ಕಾಶೀಬಾಯಿ ನಾಟಕದ ಗುಂಗಿನಲ್ಲೇ ಮನೆಯ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದರು.

ಇಪ್ಪತ್ತು ನಿಮಿಷದ ನಾಟಕ, ಐದು ದೃಶ್ಯ. ಕಥೆ ಸರಳ. ಮೂರೂವರೆ ಸಾವಿರ ವರ್ಷಗಳ ಹಿಂದೆ, ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಉತ್ತರದ ಬಯಲಿಗೆ ಪೂರ್ವದ ಕಡೆಯಿಂದ ಜನ ಬಂದರು. ಹಿಕ್ಸೋಸ್ ಎಂದು ಅವರ ಹೆಸರು. ದಂಡೆತ್ತಿ ಬಂದವರಲ್ಲ, ವ್ಯಾಪಾರಕ್ಕೆ, ಕೆಲಸಕ್ಕೆ ಬಂದವರು. ಮನೆ ಮಾಡಿದರು, ಮಕ್ಕಳನ್ನು ಹೆತ್ತರು, ಒಂದು ದಿನ ನೋಡಿದರೆ ಸಿಂಹಾಸನದ ಮೇಲೆ ಕೂತಿದ್ದರು. ಕುದುರೆ ಕಟ್ಟಿದ ರಥ, ಹೊಸ ಬಗೆಯ ಬಿಲ್ಲು ಅವರ ಹತ್ತಿರವಿತ್ತು. ದಕ್ಷಿಣದ ಥೀಬ್ಸ್ ಪಟ್ಟಣದ ರಾಜರು ಇದನ್ನು ಪರಕೀಯರ ಆಳ್ವಿಕೆ ಎಂದು ಕರೆದು, ನೂರು ವರ್ಷ ಹಲ್ಲು ಕಡಿದು, ಆ ಪರಕೀಯರಿಂದಲೇ ರಥ ಹೊಡೆಯುವುದನ್ನು ಕಲಿತು, ಕೊನೆಗೆ ಅವರನ್ನೇ ಹೊಡೆದೋಡಿಸಿದರು. ಓಡಿಸಿದ ರಾಜನ ಹೆಸರು ಅಹ್ಮೋಸ್. ಅಲ್ಲಿಗೆ ನಾಲ್ಕು ದೃಶ್ಯ ಮುಗಿಯಿತು.

ಐದನೆಯದು, ಪಾಠದಲ್ಲಿ ಎಲ್ಲರೂ ಬೇಗ ಪುಟ ತಿರುಗಿಸುವ ಜಾಗ. ರಥ ಸಿಕ್ಕವನು ಗಡಿಯಲ್ಲಿ ನಿಲ್ಲುತ್ತಾನೆಯೇ? ಅಹ್ಮೋಸ್ ಗಡಿ ದಾಟಿ, ಹಿಕ್ಸೋಸರ ಜನವಿದ್ದ ಶರುಹೇನ್ ಎಂಬ ಊರಿಗೆ ಮೂರು ವರ್ಷ ಮುತ್ತಿಗೆ ಹಾಕಿ ಅದನ್ನು ಸೂರೆ ಮಾಡಿದ. ಆ ಯುದ್ಧಕ್ಕೆ ಹೋಗಿದ್ದ ಸಿಪಾಯಿಯೊಬ್ಬ ತನ್ನ ಗೋರಿಯ ಗೋಡೆಯ ಮೇಲೆ ಹೆಮ್ಮೆಯಿಂದ ಕೆತ್ತಿಸಿಕೊಂಡಿದ್ದಾನೆ: ಅಲ್ಲಿಂದ ತಾನು ತಂದದ್ದು ಇಬ್ಬರು ಹೆಂಗಸರು, ಒಂದು ಕೈ. ಕೈ ಎಂದರೆ ಕೊಂದ ಶತ್ರುವಿನ ಕೈ. ಅದಕ್ಕೆ ರಾಜ ಬಂಗಾರ ಕೊಟ್ಟ. ಸಾಮ್ರಾಜ್ಯ ಶುರುವಾದದ್ದು ಅಲ್ಲಿಂದ. ಕಾಶೀಬಾಯಿ ಈ ಸಾಲನ್ನು ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಓದಿ ಹೇಳಿದ್ದರು. ಆ ಇಬ್ಬರು ಹೆಂಗಸರು ಏನಂದರು ಎಂದು ಯಾರೂ ಕೆತ್ತಿಸಿರಲಿಲ್ಲ. ಅದಕ್ಕೇ ಐದನೆಯ ದೃಶ್ಯದಲ್ಲಿ ಶರುಹೇನಿನ ಒಬ್ಬ ಹುಡುಗಿ ರಾಜನ ಮುಂದೆ ನಿಂತು ಮಾತಾಡುತ್ತಾಳೆ. ಮೂರೇ ವಾಕ್ಯ. ನಿಜ ಹೇಳಬೇಕೆಂದರೆ, ಉಳಿದ ನಾಲ್ಕು ದೃಶ್ಯಗಳನ್ನು ಕಾಶೀಬಾಯಿ ಬರೆದದ್ದು ಆ ಮೂರು ವಾಕ್ಯದ ಸಲುವಾಗಿ.

ಪಾತ್ರ ಹಂಚುವ ದಿನ ಸಂಘದ ಬಾಡಿಗೆ ಹಾಲಿಗೆ ಮೊದಲು ಬಂದವರು ಡಾಕ್ಟರ್ ಚಿದಾನಂದ. ಇಪ್ಪತ್ತೆರಡು ವರ್ಷ ಸಂಘದ ಅಧ್ಯಕ್ಷರಾಗಿದ್ದು, ಎರಡು ವರ್ಷದ ಹಿಂದೆ ಚುನಾವಣೆಯಲ್ಲಿ ಸೋತವರು. ಬಾಗಲಕೋಟೆಯ ಕಡೆಯವರು, ಹೃದಯದ ಡಾಕ್ಟರು.

"ಮೇಡಂ, ನಮ್ಮ ಮೊಮ್ಮಗ ಪ್ರಣವ್ ಅಹ್ಮೋಸ್ ಆಗ್ತಾನ್ರಿ. ಹೊರಗಿನವ್ರನ್ನ ಓಡ್ಸೋದಂದ್ರ ಏನಂತ ಅಂವಗ ಹೇಳಿಕೊಡೋದೇ ಬ್ಯಾಡ. ಮನ್ಯಾಗ ದಿನಾ ಕೇಳಾಕತ್ತಾನ."

"ಯಾರನ್ನ ಓಡಸ್ತೀರಿ ಡಾಕ್ಟರ?"

"ಮತ್ಯಾರನ್ನ? ಈ ಸಾಫ್ಟ್‌ವೇರಿನವ್ರನ್ನ! ಮೊದಲ ಮೈಕ್ ರಿಪೇರಿ ಮಾಡ್ತೀವಂತ ಬಂದ್ರು. ಆಮ್ಯಾಲ ವೆಬ್‌ಸೈಟ್ ಮಾಡ್ತೀವಂದ್ರು. ಆಮ್ಯಾಲ ನೋಡ್ತೀನಿ, ನನ್ನ ಕುರ್ಚಿ ಮ್ಯಾಲ ಕುಂತಾರ! ಇದಾ ಅಲ್ಲೇನ್ರಿ ನೀವು ಬರದದ್ದು? ನನಗ ಓದಿದ ಕೂಡ್ಲೇ ಗೊತ್ತಾತು."

ಕಾಶೀಬಾಯಿಗೆ ಹಾಗೆ ಬರೆದ ನೆನಪಿರಲಿಲ್ಲ. ಆದರೆ ಅವರು ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದವರು. ತಾವು ಹೇಳಿದ ಪಾಠ ಇನ್ನೊಬ್ಬರ ತಲೆಯಲ್ಲಿ ಏನಾಗಿ ಹುಟ್ಟುತ್ತದೆಂದು ಅಚ್ಚರಿಪಡುವ ಅಭ್ಯಾಸ ಬಿಟ್ಟುಹೋಗಿತ್ತು.

ಹತ್ತು ನಿಮಿಷಕ್ಕೆ ಈಗಿನ ಅಧ್ಯಕ್ಷ ಬಾಲಕೃಷ್ಣ ಬಂದ. ಬೆಂಗಳೂರಿನವನು, ಸಾಫ್ಟ್‌ವೇರು, ಚುರುಕು. ಚಹಾದ ಮೇಜಿನ ಹತ್ತಿರ ಕಾಶೀಬಾಯಿಯ ಕಿವಿಗೆ ಬಗ್ಗಿದ.

"ಮೇಡಂ, ಸ್ಕ್ರಿಪ್ಟ್ ಸೂಪರ್. ಇಪ್ಪತ್ತೆರಡು ವರ್ಷ ಒಬ್ರೇ ಅಂಟ್ಕೊಂಡು ಕೂತಿದ್ದ ಕುರ್ಚಿ ಬಿಡಿಸೋದು ಎಷ್ಟು ಕಷ್ಟ ಅಂತ ನಮಗೆ ತಾನೇ ಗೊತ್ತು! ಎಷ್ಟು ಸೂಕ್ಷ್ಮವಾಗಿ ಬರ್ದಿದೀರ. ನಮ್ಮ ಮಗ ಋಷಿ ಅಹ್ಮೋಸ್ ಮಾಡ್ಲಿ, ಆಯ್ತಾ?"

ಹೀಗೆ ಒಂದು ಹಾಲಿನಲ್ಲಿ ಇಬ್ಬರು ಅಹ್ಮೋಸರಾದರು, ಹಿಕ್ಸೋಸ್ ಮಾತ್ರ ಒಬ್ಬನೂ ಸಿಗಲಿಲ್ಲ. ಕಾಶೀಬಾಯಿ ಒಂದು ದಾರಿ ಹುಡುಕಿದರು. ಅಹ್ಮೋಸನಿಗಿಂತ ಮುಂಚೆ ಯುದ್ಧ ಶುರು ಮಾಡಿದ ಕಾಮೋಸ್ ಎಂಬ ರಾಜನಿದ್ದ. ಆ ಪಾತ್ರ ಋಷಿಗೆ. ಬಾಲಕೃಷ್ಣ ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿದ. ಮುಖ ಸಣ್ಣದಾಯಿತು.

"ಮೇಡಂ, ಇವನು ಮೂರೇ ವರ್ಷಕ್ಕೆ ಹೋಗ್ಬಿಡ್ತಾನಲ್ಲ!"

"ಹೋಗ್ತಾನಪ್ಪಾ. ನಾನೇನ ಮಾಡ್ಲಿ?"

ಕಮಿಟಿ ಮಾಡಿತು. ಮೂರೂವರೆ ಸಾವಿರ ವರ್ಷ ಸತ್ತು ಮಲಗಿದ್ದ ಕಾಮೋಸ್ ಕಮಿಟಿಯ ನಿರ್ಣಯದಿಂದ ಎದ್ದು ಕೂತ. ಈಜಿಪ್ಟನ್ನು ಇಬ್ಬರು ರಾಜರು ಜಂಟಿಯಾಗಿ ಆಳುವುದೆಂದೂ, ಕಿರೀಟಗಳ ಎತ್ತರ ಸಮನಾಗಿರಬೇಕೆಂದೂ ತೀರ್ಮಾನವಾಯಿತು. ಉಳಿದ ಎಂಟು ಮಕ್ಕಳು ಥೀಬ್ಸಿನ ಸೈನಿಕರಾದರು. ಹಿಕ್ಸೋಸ್ ಆಗುವುದಕ್ಕೆ ಯಾವ ತಾಯಿತಂದೆಯೂ ಒಪ್ಪದ ಕಾರಣ ಅವರನ್ನು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾಡಲಾಯಿತು. ಐದು ಜನ, ಆಳೆತ್ತರ, ಗಡ್ಡದವರು. ಬಣ್ಣ ಹಚ್ಚಿದ್ದು ಡಾಕ್ಟರರ ಕಡೆಯವರು. ಐವರಲ್ಲಿ ಮೂವರಿಗೆ ಬಾಲಕೃಷ್ಣನ ಹಾಗೆ ಕನ್ನಡಕ ಬಂದದ್ದು ಕೇವಲ ಆಕಸ್ಮಿಕ. ಉಳಿದ ಇಬ್ಬರನ್ನು ಸಾಫ್ಟ್‌ವೇರಿನವರು ಮನೆಗೆ ಒಯ್ದು ತಿದ್ದಿ ತಂದರು. ಅವರ ಕೊರಳಿಗೆ ಡಾಕ್ಟರರ ಸ್ಟೆತಸ್ಕೋಪಿನಂಥದೇನೋ ಜೋತುಬಿದ್ದಿತ್ತು. ಅದು ಆ ಕಾಲದ ಆಭರಣ ಎಂದರು.

ಶರುಹೇನಿನ ಹುಡುಗಿಯ ಪಾತ್ರವನ್ನು ಯಾರೂ ಕೇಳಲಿಲ್ಲ. ಸೆರೆಯಾಳು, ಕಿರೀಟವಿಲ್ಲ, ಕತ್ತಿಯಿಲ್ಲ. ಹಾಗಾಗಿ ಅದು ಶರ್ವಾಣಿಗೆ ಸಿಕ್ಕಿತು. ಒಂಬತ್ತು ವರ್ಷದವಳು. ಅವಳ ತಾಯಿ ಜಲಜಾ ವೃದ್ಧರ ಕೇರ್ ಹೋಮಿನಲ್ಲಿ ಕೆಲಸ ಮಾಡುವವಳು. ಈ ದೇಶಕ್ಕೆ ಬಂದು ಒಂದೂವರೆ ವರ್ಷ. ಡಾಕ್ಟರೂ ಅಲ್ಲ, ಸಾಫ್ಟ್‌ವೇರೂ ಅಲ್ಲ, ಆದ್ದರಿಂದ ಎರಡೂ ಕಡೆಯವರು ಅವಳನ್ನು ನೋಡಿ ಸಮಾನವಾಗಿ ನಗುತ್ತಿದ್ದರು, ಸಮಾನವಾಗಿ ಹೆಸರು ಮರೆಯುತ್ತಿದ್ದರು. ಕಾಶೀಬಾಯಿ ಅವಳ ಹೆಸರು ಮರೆತಿರಲಿಲ್ಲ. ಹಿಂದಿನ ವರ್ಷ ಇದೇ ಹಾಲಿನ ಬಾಗಿಲಲ್ಲಿ, ಬಗ್ಗಲಾರದೆ ತಾವು ಬಿಚ್ಚಿಹೋದ ಬೂಟಿನ ದಾರ ನೋಡುತ್ತ ನಿಂತಾಗ, ಒಂದು ಮಾತೂ ಆಡದೆ ಕೂತು ದಾರ ಕಟ್ಟಿ ಎದ್ದು ಹೋದವಳು ಜಲಜಾ. ಎರಡು ಗಂಟು ಹಾಕಿದ್ದಳು, ಮತ್ತೆ ಬಿಚ್ಚಿಕೊಳ್ಳಬಾರದೆಂದು.

ಶರ್ವಾಣಿ ರಟ್ಟಿನ ಹಿಕ್ಸೋಸರನ್ನು ಒಬ್ಬೊಬ್ಬರನ್ನಾಗಿ ನೋಡಿ ಬಂದು ಕೇಳಿದಳು. "ಅಜ್ಜಿ, ದೇ ಆರ್ ಆಲ್ ಕಾರ್ಡ್‌ಬೋರ್ಡ್. ದೆನ್ ಹೂ ಈಸ್ ಮೈ ಅಮ್ಮ?"

ಮೂವತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿಯೂ ಕೇಳಿರಲಿಲ್ಲ. "ನಿಮ್ಮವ್ವ ಊರೊಳಗ ಉಳದಾಳ, ಪುಟ್ಟಾ" ಎಂದರು ಕಾಶೀಬಾಯಿ. "ನೀ ಅಕೀ ಸಲುವಾಗಿ ಗಟ್ಟಿಯಾಗಿ ಮಾತಾಡಬೇಕು, ಗೋಡೆ ಆಚೆ ಕೇಳೋ ಹಂಗ."

ಹುಡುಗಿ ಅದನ್ನು ಆಜ್ಞೆ ಎಂದುಕೊಂಡಳು. ಶಾಲೆ ಮುಗಿದ ಮೇಲೆ ತಾಯಿಯ ಪಾಳಿ ಮುಗಿಯುವವರೆಗೆ ಕೇರ್ ಹೋಮಿನಲ್ಲಿ ಕೂತು ಮೂರು ವಾಕ್ಯ ಕಲಿತಳು. ಅಲ್ಲಿನ ಇಂಗ್ಲಿಷ್ ಅಜ್ಜ ಅಜ್ಜಿಯರ ಮುಂದೆ ನಿಂತು ಕನ್ನಡದಲ್ಲಿ ಒಪ್ಪಿಸುತ್ತಿದ್ದಳಂತೆ. ತೊಂಬತ್ತೊಂದು ವರ್ಷದ ಒಬ್ಬ ಮುದುಕ ಒಂದಕ್ಷರವೂ ತಿಳಿಯದೆ, ದಿನಾ ಕೊನೆಯಲ್ಲಿ "ಸರಿಯಾಗಿ ಹೇಳಿದೆ, ಬಿಡಬೇಡ" ಎನ್ನುತ್ತಿದ್ದನಂತೆ. ಜಲಜಾ ಇದನ್ನು ಹೇಳಿ ನಗುವಾಗ ಕಾಶೀಬಾಯಿಗೆ, ನಾಟಕದ ಅತ್ಯುತ್ತಮ ಪ್ರೇಕ್ಷಕ ಆಗಲೇ ಸಿಕ್ಕಿಬಿಟ್ಟ ಎನ್ನಿಸಿತು.

ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ಬಾಲಕೃಷ್ಣನ ಫೋನು ಬಂತು.

"ಮೇಡಂ, ಸಣ್ಣ ವಿಷ್ಯ. ಐದನೇ ಸೀನ್ ತೆಗೀತಾ ಇದೀವಿ. ಸ್ವಲ್ಪ ನೆಗೆಟಿವ್ ಅಲ್ವಾ? ಗೆದ್ದ ಮೇಲೆ ಖುಷಿಯಾಗಿ ಮುಗಿಸೋಣ. ರಾಜ ಸೈನಿಕರಿಗೆ ಶೌರ್ಯಪದಕ ಅಂತ ಬಂಗಾರದ ನೊಣ ಕೊಡ್ತಾನೆ ಅಂತ ಬರ್ದಿದೀರಲ್ಲ, ಬ್ಯೂಟಿಫುಲ್ ಐಡಿಯಾ. ಅದನ್ನೇ ಕಂಟಿನ್ಯೂ ಮಾಡಿ, ಅದೇ ರಾಜರ ಕೈಯಿಂದ ನಮ್ಮ ಸ್ಪಾನ್ಸರ್‌ಗಳಿಗೆ, ಹಿರಿಯರಿಗೆ ಸ್ಟೇಜ್ ಮೇಲೇ ಸನ್ಮಾನ. ನಿಮಗೂ ಇದೆ, ಶಾಲು! ಬೇಡ ಅನ್ಬೇಡಿ."

"ಡಾಕ್ಟರ್ ಚಿದಾನಂದರು ಏನಂದ್ರು?"

"ಅದೇ ಆಶ್ಚರ್ಯ ಮೇಡಂ! ಅವರೂ ಒಪ್ಪಿದ್ರು. ಎರಡು ವರ್ಷದಲ್ಲಿ ಮೊದಲ ಸಲ. ನಿಮ್ಮ ನಾಟಕದಿಂದ ಎಂಥ ಒಗ್ಗಟ್ಟು ಬಂತು ನೋಡಿ."

ಪೇಟ ಯಾರಿಗೆ ಮೊದಲು ಎಂಬುದೊಂದು ಬಾಕಿ ಇತ್ತಂತೆ. ಅದೂ ಬಗೆಹರಿದಿತ್ತು, ಎರಡು ಪೇಟ ತರಿಸಿದ್ದರು.

ಮರುದಿನ ಶರ್ವಾಣಿಗೆ ಹೇಳಬೇಕೆಂದು ಕಾಶೀಬಾಯಿ ಬಸ್ಸು ಹಿಡಿದು ಕೇರ್ ಹೋಮಿಗೇ ಹೋದರು. ಹುಡುಗಿ ತಾಯಿಯ ಹಳೆಯ ಕಂದು ದುಪಟ್ಟಾ ಸುತ್ತಿಕೊಂಡು, ಮುಂಗೈಗೆ ಪಾರ್ಸೆಲಿನ ದಾರ ಕಟ್ಟಿಕೊಂಡು ನಿಂತಿದ್ದಳು. "ಅಜ್ಜಿ, ಲುಕ್, ಕಾಸ್ಟ್ಯೂಮ್!" ತಾಯಿ ಬದಿಯಲ್ಲಿ ನಿಂತು, ಕಾರ್ಯಕ್ರಮದ ದಿನದ ಪಾಳಿಯ ನಡುವೆ ತನಗೆ ಎರಡು ಗಂಟೆ ಬಿಡುವು ಸಿಗಲೆಂದು ಸಹೋದ್ಯೋಗಿಯೊಬ್ಬಳು ಬದಲಿಗೆ ಕ್ರಿಸ್ಮಸ್ ದಿನದ ರಜೆ ಬಿಟ್ಟುಕೊಡೆಂದು ಕೇಳದೆ ಪಾಳಿ ಅದಲುಬದಲು ಮಾಡಿಕೊಟ್ಟಳೆಂದು ಹೇಳಿದಳು. ಕಾಶೀಬಾಯಿ ಬಾಯಿ ತೆರೆದರು. "ದಾರ ಬಿಗಿ ಆಗಿಲ್ಲಲ್ಲ?" ಎಂದು ಕೇಳಿ, ಚಹಾ ಕುಡಿದು, ವಾಪಸ್ಸು ಬಂದರು. ಇಷ್ಟು ಹೇಡಿ ತಾನು ಎಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತಿಳಿಯಬೇಕಾಯಿತೇ ಎಂದು ದಾರಿಯುದ್ದಕ್ಕೂ ಬೈದುಕೊಂಡರು.

ಕಾರ್ಯಕ್ರಮದ ದಿನ ಹಾಲು ತುಂಬಿತ್ತು. ಎಡಗಡೆ ಡಾಕ್ಟರುಗಳು, ಬಲಗಡೆ ಸಾಫ್ಟ್‌ವೇರು. ನಡುವಿನ ದಾರಿ ನೈಲ್ ನದಿಯಷ್ಟು ಅಗಲ. ಹಾಲು ನೋಡಿಕೊಳ್ಳುವ ಮೊರೀನ್ ಎಂಬಾಕೆ ಎಂದಿನಂತೆ ಒಂದು ಕುರ್ಚಿಯನ್ನು ತಾನೇ ಎಳೆದು ತಂದು ಹೀಟರಿನ ಪಕ್ಕ ಇಟ್ಟು, ಕಾಶೀಬಾಯಿಗೆ ಕಣ್ಣಲ್ಲೇ ತೋರಿಸಿದಳು. ಆರು ಗಂಟೆಗೆ ಹಾಲು ಬಿಡಬೇಕೆಂದು ಬಾಲಕೃಷ್ಣನಿಗೆ ಮೂರು ಸಲ ಹೇಳಿದಳು. ಅವನು ಮೂರು ಸಲವೂ "ಆಬ್ಸಲ್ಯೂಟ್ಲಿ" ಎಂದ.

ನಾಟಕ ಚೆನ್ನಾಗಿಯೇ ಆಯಿತು. ಇಬ್ಬರು ರಾಜರೂ ಒಬ್ಬರ ಮುಂದೆ ಒಬ್ಬರು ನಿಲ್ಲಲು ಹೋಗಿ ರಥದಿಂದ ಬೀಳುವಂತಾದರು. ಎಂಟು ಸೈನಿಕರು ಐದು ರಟ್ಟಿನ ಜನರನ್ನು ಎಷ್ಟು ಉತ್ಸಾಹದಿಂದ ಸೋಲಿಸಿದರೆಂದರೆ, ಒಬ್ಬ ಹಿಕ್ಸೋಸನ ತಲೆ ಮೊದಲ ಸಾಲಿನ ಸ್ಪಾನ್ಸರ್ ಮಡಿಲಿಗೆ ಬಿತ್ತು. ಎಡಗಡೆಯವರು ಕನ್ನಡಕದವನು ಬಿದ್ದಾಗ ಚಪ್ಪಾಳೆ ಹೊಡೆದರು, ಬಲಗಡೆಯವರು ಸ್ಟೆತಸ್ಕೋಪಿನವನು ಬಿದ್ದಾಗ. ಪರದೆಯ ಪಕ್ಕದಲ್ಲಿ ಶರ್ವಾಣಿ ಮುಂಗೈ ಜೋಡಿಸಿಕೊಂಡು, ತುಟಿ ಅಲ್ಲಾಡಿಸುತ್ತ, ತನ್ನ ಸರದಿ ಕಾಯುತ್ತಿದ್ದಳು. ಐದನೆಯ ದೃಶ್ಯ ಇಲ್ಲವೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹಿಂದಿನ ಗೋಡೆಯ ಹತ್ತಿರ ಜಲಜಾ ಕೆಲಸದ ಸಮವಸ್ತ್ರದಲ್ಲೇ, ಎದೆಗೆ ಗಡಿಯಾರ ಸಿಕ್ಕಿಸಿಕೊಂಡು ನಿಂತಿದ್ದಳು.

ಆಮೇಲೆ ಸನ್ಮಾನ ಶುರುವಾಯಿತು.

ಸಂಘದ ಸನ್ಮಾನಕ್ಕೆ ಅದರದೇ ಶಾಸ್ತ್ರವಿದೆ. ಹಾರ ಹಾಕಬೇಕು, ಹಾಕಿಸಿಕೊಂಡವರು ಅದು ಮೈಮೇಲೆ ಹಾವು ಬಿದ್ದಂತೆ ತಕ್ಷಣ ತೆಗೆಯಬೇಕು. ಶಾಲು ಹೊದಿಸಬೇಕು, ಹಣ್ಣಿನ ಬುಟ್ಟಿ ಕೊಡಬೇಕು, ಬುಟ್ಟಿಯನ್ನು ಆರು ಜನ ಹಿಡಿದು ಆರು ಫೋನುಗಳ ಕಡೆಗೆ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಸನ್ಮಾನವಾದವರಿಗೆ "ಎರಡು ಮಾತು" ಆಡಲು ಮೈಕು ಕೊಡಬೇಕು. ಈ ಎರಡು ಮಾತಿಗೆ ಯಾರೂ ಅಡ್ಡ ಬರುವಂತಿಲ್ಲ. ಸಂಘದ ನಿಯಮಾವಳಿಯಲ್ಲಿ ಅದಿಲ್ಲ, ಆದರೆ ನಿಯಮಾವಳಿಯನ್ನು ಮುರಿದವರುಂಟು, ಇದನ್ನು ಮುರಿದವರಿಲ್ಲ. ಚಿದಾನಂದರ ಎರಡು ಮಾತು ಒಮ್ಮೆ ನಲವತ್ತೊಂದು ನಿಮಿಷ ನಡೆದು ಅನ್ನ ತಣ್ಣಗಾಗಿತ್ತು. ಜನ ಕೂತೇ ಇದ್ದರು.

ಈ ಸಲ ಅವರು ಇಪ್ಪತ್ತಕ್ಕೆ ಮುಗಿಸಿದರು, ಪರಕೀಯರ ಬಗ್ಗೆ ಮಾತಾಡಿದರು. ಬಾಲಕೃಷ್ಣ ಹದಿನೆಂಟು ನಿಮಿಷ ವಿಮೋಚನೆಯ ಬಗ್ಗೆ ಮಾತಾಡಿದ. ಆರಕ್ಕೆ ಐದು ನಿಮಿಷವಿದ್ದಾಗ, ಮೊರೀನ್ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಾಗ, ಕೊನೆಯದಾಗಿ ಕಾಶೀಬಾಯಿಯ ಹೆಸರು ಕರೆದರು.

ಇಬ್ಬರು ಪುಟ್ಟ ರಾಜರು ಶಾಲು ಹೊದಿಸಿದರು. ಹಾರ ಬಂತು, ಬುಟ್ಟಿ ಬಂತು, ಮೈಕು ಬಂತು. ಕಾಶೀಬಾಯಿ ಪರದೆಯ ಕಡೆ ನೋಡಿದರು. ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು, ಆದರೆ ತುಟಿ ನಿಂತಿತ್ತು. ಅವಳಿಗೆ ತಿಳಿದುಹೋಗಿತ್ತು. ಮುಂಗೈಯ ದಾರವನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.

ಹೇಡಿತನಕ್ಕೂ ಒಂದು ಮಿತಿ ಬೇಕು ಎಂದುಕೊಂಡರು ಕಾಶೀಬಾಯಿ.

"ನನಗ ಎರಡು ಮಾತಿಗೆ ಅವಕಾಶ ಕೊಟ್ಟೀರಿ, ಉಪಕಾರ" ಎಂದರು ಮೈಕಿನಲ್ಲಿ. "ನನಗ ವಯಸ್ಸಾತು, ದನಿ ಬಿದ್ದೈತಿ. ನನ್ನ ಪಾಲಿನ ಎರಡು ಮಾತು ಈ ಹುಡುಗಿ ಆಡ್ತಾಳ. ಬಾರವ್ವಾ ಶರ್ವಾಣಿ. ದಾರ ಬಿಚ್ಚಬ್ಯಾಡ."

ಬಾಲಕೃಷ್ಣ ಅರ್ಧ ಎದ್ದ. ಚಿದಾನಂದರೂ ಅರ್ಧ ಎದ್ದರು. ಸನ್ಮಾನಿತರ ಎರಡು ಮಾತಿಗೆ ಅಡ್ಡ ಬರುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಅಡ್ಡ ಬಂದು ತೋರಿಸಿರಲಿಲ್ಲ. ಇಬ್ಬರೂ ಕೂತರು.

ಶರ್ವಾಣಿ ಬಂದು ಇಬ್ಬರು ರಾಜರ ಮುಂದೆ ನಿಂತಳು. ಮೈಕು ತೆಗೆದುಕೊಳ್ಳಲಿಲ್ಲ. ಹಿಂದಿನ ಗೋಡೆಯ ಕಡೆ ಒಮ್ಮೆ ನೋಡಿ, ಆ ಗೋಡೆಯ ಆಚೆಗೂ ಕೇಳುವ ಹಾಗೆ ಹೇಳಿದಳು.

"ನಿಮ್ಮ ಊರಿಗೆ ನಾವು ಬಂದಾಗ ಅದನ್ನು ಪರಕೀಯರ ಆಳ್ವಿಕೆ ಅಂದಿರಿ. ಈಗ ನಮ್ಮ ಊರಿಗೆ ನೀವು ಬಂದಿದ್ದೀರಿ. ಇದಕ್ಕೇನು ಹೆಸರಿಟ್ಟಿದ್ದೀರಿ?"

ಬರೆದಿದ್ದಂತೆ ನಾಟಕ ಅಲ್ಲಿಗೆ ಮುಗಿಯಬೇಕು, ಉತ್ತರವಿಲ್ಲದೆ. ಆದರೆ ಪ್ರಣವ್ ಒಳ್ಳೆಯ ಶಾಲೆಯಲ್ಲಿ ಓದುವ ಹುಡುಗ. ಯಾರಾದರೂ ಪ್ರಶ್ನೆ ಕೇಳಿದರೆ, ಗೊತ್ತಿದ್ದರೆ, ಕೈ ಎತ್ತಿ ಹೇಳಿಬಿಡಬೇಕೆಂದು ಅಭ್ಯಾಸ. ಅವನು ಕತ್ತಿ ಹಿಡಿದ ಕೈ ಎತ್ತಿದ.

"ಎಂಪೈರ್!" ಎಂದ.

ಋಷಿ ತನಗೂ ಗೊತ್ತಿತ್ತೆಂದು ತೋರಿಸಲು ಇನ್ನೂ ಜೋರಾಗಿ, "ಎಂಪೈರ್!" ಎಂದ.

ಚಪ್ಪಾಳೆ ಬಿತ್ತು ನೋಡಿ. ಎಡಗಡೆಯವರು ಬಲಗಡೆಗೆ ತಿರುಗಿ ಹೊಡೆದರು, ಬಲಗಡೆಯವರು ಎಡಗಡೆಗೆ ತಿರುಗಿ ಹೊಡೆದರು. ವೇದಿಕೆಯ ಕಡೆ ನೋಡಿ ಹೊಡೆದವಳು ಜಲಜಾ ಒಬ್ಬಳೇ. ಅವಳೂ ಒಂದೇ ಕೈಯಲ್ಲಿ ತೊಡೆ ತಟ್ಟುತ್ತಿದ್ದಳು, ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುವುದಿತ್ತು.

ಕೆಳಗಿಳಿದ ಕೂಡಲೇ ಚಿದಾನಂದರು ಕಾಶೀಬಾಯಿಯ ಕೈ ಹಿಡಿದು ಕುಲುಕಿದರು. "ಭಾಳ ಛಲೋ ಆತ್ರಿ ಮೇಡಂ! ಅವ್ರ ಮಾರಿಗೆ ಹೊಡದಂಗ ಹೇಳಿಸಿದ್ರಿ. ನನ್ನ ಕುರ್ಚಿಗೆ ಬಂದು ಕುಂತು ಅದಕ್ಕ ಡೆಮಾಕ್ರಸಿ ಅಂತಾರ!" ಅವರು ಅತ್ತ ಹೋಗುವುದೇ ತಡ, ಬಾಲಕೃಷ್ಣ ಬಂದ. "ಮೇಡಂ, ಮೊದಲು ಗಾಬರಿ ಆಯ್ತು. ಆಮೇಲೆ ಅರ್ಥ ಆಯ್ತು. ಆ ಹಳೇ ಜನಕ್ಕೆ ಇದು ಬೇಕಿತ್ತು. ಮುಂದಿನ ವರ್ಷಾನೂ ನೀವೇ ಬರೀಬೇಕು."

"ಬರೀತೀನಪ್ಪಾ" ಎಂದರು ಕಾಶೀಬಾಯಿ. "ಒಂದೇ ಷರತ್ತು. ಹಿಕ್ಸೋಸರ ಪಾತ್ರ ಮಕ್ಕಳಿಗೆ ಬ್ಯಾಡ, ಕಮಿಟಿಯವ್ರು ಮಾಡಬೇಕು."

ಅವನು ಜೋಕೆಂದು ನಕ್ಕು ಹೋದ.

ಶರ್ವಾಣಿ ಶಾಲಿನ ಅಂಚು ಎಳೆದಳು. "ಅಜ್ಜಿ, ಹಿ ಆನ್ಸರ್ಡ್! ಇಟ್ ವಾಸ್ ನಾಟ್ ಇನ್ ದ ಸ್ಕ್ರಿಪ್ಟ್."

"ಇರಲಿಲ್ಲ, ಪುಟ್ಟಾ."

"ಈಸ್ ಇಟ್ ರಾಂಗ್?"

"ಇಲ್ಲವ್ವಾ" ಎಂದರು ಕಾಶೀಬಾಯಿ. "ಉತ್ತರ ಸರಿ ಐತಿ. ಪೂರ್ತಿ ಮಾರ್ಕ್ಸ್ ಕೊಡಬೇಕು." ಶಾಲು ತೆಗೆದು ಹುಡುಗಿಗೆ ಹೊದಿಸಿ, ಮುಂಗೈಯ ದಾರ ಬಿಚ್ಚಿದರು. ಸ್ವಲ್ಪ ಬಿಗಿಯೇ ಆಗಿತ್ತು. ಜಲಜಾ ಪಾಳಿಗೆ ಓಡಬೇಕಿತ್ತು. ಮಗಳನ್ನು ಕೈಹಿಡಿದುಕೊಂಡು, ಎದೆಯ ಗಡಿಯಾರ ನೋಡಿಕೊಂಡು, ಬಾಗಿಲ ತನಕ ಹೋದವಳು ಹಿಂತಿರುಗಿ ಬಂದು ಕಾಶೀಬಾಯಿಯ ಬೂಟಿನ ದಾರ ಗಟ್ಟಿಯಾಗಿದೆಯೇ ಎಂದು ಒಮ್ಮೆ ನೋಡಿ ಓಡಿದಳು.

ಎಲ್ಲರೂ ಅವರವರ ಕಿರೀಟ, ಪೇಟ, ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋದರು. ಗೋಡೆಗೊರಗಿದ್ದ ರಟ್ಟಿನ ಹಿಕ್ಸೋಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಆರೂ ಹತ್ತಾಗಿತ್ತು. ಕಾಶೀಬಾಯಿ ನಾಚಿಕೊಂಡು ಮೊರೀನಳಿಗೆ ಕ್ಷಮೆ ಕೇಳಿ, ಇವರನ್ನು ಎಲ್ಲಿ ಎಸೆಯಬೇಕು ಎಂದು ಕೇಳಿದರು.

"ಎಸೆಯೋದ್ಯಾಕೆ?" ಎಂದಳು ಮೊರೀನ್. ತಲೆ ಕಿತ್ತುಹೋದವನನ್ನು ಎತ್ತಿ, ಜೇಬಿನಿಂದ ಟೇಪು ತೆಗೆದು, ಕೊರಳಿಗೆ ಎರಡು ಸುತ್ತು ಸುತ್ತಿದಳು. ಆಮೇಲೆ ಒಬ್ಬೊಬ್ಬರನ್ನಾಗಿ ಕಂಕುಳಲ್ಲಿ ಹೊತ್ತು ಒಳಗಿನ ಸ್ಟೋರ್ ರೂಮಿಗೆ ಒಯ್ದು, ಮಡಚುವ ಕುರ್ಚಿಗಳ ಪಕ್ಕ, ಒದ್ದೆ ತಾಗದ ಜಾಗದಲ್ಲಿ ನಿಲ್ಲಿಸಿದಳು.

"ಇರಲಿ ಬಿಡಿ" ಎಂದಳು ದೀಪ ಆರಿಸುತ್ತ. "ಪಾಪ, ಇವರಿಂದ ಯಾರಿಗೇನು ತೊಂದರೆ?"